ಊಟದೆಲೆಯ ಮೇಲೆ ನಡೆದ ಜಿಂಕೆ

ಟಿವಿಯ ಬೇಟೆ ಕಾರ್ಯಕ್ರಮಗಳಲ್ಲಿ ಜಿಂಕೆ ನಡೆದು ಬರುವಾಗ ತರಗೆಲೆಯ ಸದ್ದು ಕೇಳುತ್ತದಲ್ಲ, ಅದು ಜಿಂಕೆಯದಲ್ಲ. ಇಪ್ಪತ್ತೆರಡು ವರ್ಷ ಅದು ನನ್ನದಾಗಿತ್ತು. ಜಿಂಕೆ ಇರುವುದು ಎಲ್ಲೋ ನೂರು ಗಜ ಆಚೆ. ಕ್ಯಾಮೆರಾದ ಕಣ್ಣು ಅಲ್ಲಿಗೆ ಮುಟ್ಟುತ್ತದೆ, ಮೈಕಿನ ಕಿವಿ ಮುಟ್ಟುವುದಿಲ್ಲ. ಹಾಗಾಗಿ ಕೆನಡಾದ ಟೊರಾಂಟೋ ಪಕ್ಕದ ಮೆಡೋವೇಲಿನಲ್ಲಿ, ಒಂದು ಕಡೆ ಇನ್ಶೂರೆನ್ಸ್ ಆಫೀಸು, ಇನ್ನೊಂದು ಕಡೆ ಹಲ್ಲಿನ ಡಾಕ್ಟರುಗಳ ಸಾಮಾನಿನ ಗೋದಾಮು ಇದ್ದ ಕಟ್ಟಡದ ನಡುವೆ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಮೊಣಕಾಲೂರಿ ಕೂತು ನಾನು ಜಿಂಕೆಯಾಗಿ ನಡೆಯುತ್ತಿದ್ದೆ.

ಕಳೆದ ವರ್ಷ ನಿವೃತ್ತಳಾದೆ. ಒಶಾವಾ ಕಡೆಯ ಕಾಲೇಜುಗಳಲ್ಲಿ ಸೌಂಡು ಕಲಿಯುತ್ತಿರುವ ನಮ್ಮವರ ಮಕ್ಕಳು ಕನ್ನಡ ಕೂಟದಲ್ಲಿ ಸಿಕ್ಕಾಗ "ಆಂಟಿ, ಈ ಲೈನಲ್ಲಿ ಸ್ಕೋಪ್ ಇದೆಯಾ?" ಅಂತ ಕೇಳುತ್ತಾರೆ. ಸ್ಕೋಪಿನ ವಿಷಯ ನನಗೆ ಗೊತ್ತಿಲ್ಲ. ಕೆಲಸ ಹೇಗಿತ್ತು ಅನ್ನುವುದನ್ನು ಬರೆಯಬಲ್ಲೆ, ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ.

ನಾನು ಮಧುಗಿರಿ ಕಡೆಯವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅಮ್ಮ ಮುತ್ತುಗದ ಎಲೆ ಹಚ್ಚಿ ಓದಿಸಿದಳು. ಒಣಗಿಸಿದ ಎಲೆಗಳನ್ನು ಒಂದಕ್ಕೊಂದು ಜೋಡಿಸಿ, ಸಣ್ಣ ಕಡ್ಡಿಯಿಂದ ಚುಚ್ಚಿ, ದುಂಡಗಿನ ಊಟದೆಲೆ ಮಾಡುವ ಕೆಲಸ ಅದು. ಮದುವೆ ಮನೆಗಳಿಗೆ ಕಟ್ಟುಗಟ್ಟಲೆ ಹೋಗುತ್ತಿತ್ತು. ನಾನು ಬಿ.ಎಸ್ಸಿ. ಎಲೆಕ್ಟ್ರಾನಿಕ್ಸ್ ಓದಿದ್ದು ಆ ಸದ್ದಿನ ಪಕ್ಕದಲ್ಲೇ: ಎಲೆ ತಿರುಗಿಸುವ ಚರಚರ, ಕಡ್ಡಿ ಮುರಿಯುವ ಚಿಟ್. ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಅಮ್ಮ ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದಳು. ನಾನು ತಿರುಗಿಸಿ ಕೊಡಲಿಲ್ಲ.

ಮದುವೆಯಾಗಿ ಇಲ್ಲಿಗೆ ಬಂದಾಗ ಆ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲ ಅಂದರು. ಆದರೂ ಹೋದಲ್ಲೆಲ್ಲ ಅದನ್ನು ಒಯ್ದೆ. ಕೊನೆಗೆ ಮೆಡೋವೇಲಿನ ಆ ಸ್ಟುಡಿಯೋದಲ್ಲಿ ಟೇಪುಗಳಿಗೆ ಚೀಟಿ ಬರೆಯುವ ಕೆಲಸ ಸಿಕ್ಕಿತು. ಕೆಲಸ ಕೊಟ್ಟವರು ಅಲ್ಲಿನ ಹಿರಿಯ ಸೌಂಡ್ ಮಿಕ್ಸರ್ ಪಾಟೀಲರು, ಹುಬ್ಬಳ್ಳಿಯವರು. ಚೀಟಿಯಲ್ಲಿ ಸದ್ದು ಯಾವುದು, ಎಲ್ಲಿ ಹಿಡಿದದ್ದು, ಗಾಳಿ ಇತ್ತೋ ಇಲ್ಲವೋ, ಇಷ್ಟು ಬರೆಯಬೇಕು. ಮೊದಲ ವಾರ ನಾನು ಗಾಳಿಯ ಜಾಗವನ್ನು ಖಾಲಿ ಬಿಟ್ಟೆ. ಪಾಟೀಲರು ಇಡೀ ಡಬ್ಬ ತಂದು ಮೇಜಿನ ಮೇಲೆ ಕುಕ್ಕಿದರು.

"ರತ್ನವ್ವಾ, ಗಾಳಿ ಬರೀಲಿಲ್ಲಂದ್ರ ಹ್ಯಾಂಗ? ಎಲಿ ಅಲಗ್ಯಾಡಿದ್ದು ಗಾಳಿಗೋ, ಪ್ರಾಣಿಗೋ, ನಾಳೆ ಕೇಳಾಂವಗ ಹೆಂಗ ಗೊತ್ತಾಗಬೇಕು?"

"ಅಷ್ಟು ಸಣ್ಣ ವಿಷಯ ಯಾರು ಕೇಳ್ತಾರೆ ಪಾಟೀಲರೇ?"

"ಯಾರೂ ಕೇಳಂಗಿಲ್ಲ. ಅದಕ್ಕ ನಾವು ಬರೀಬೇಕು."

ಎರಡು ವರ್ಷ ಚೀಟಿ ಬರೆದೆ. ಆಮೇಲೆ ಒಂದು ಜನವರಿಯಲ್ಲಿ ಹೆಜ್ಜೆಯ ಸದ್ದು ಮಾಡುತ್ತಿದ್ದವನು ಹೇಳದೆ ಕೇಳದೆ ಕೆಲಸ ಬಿಟ್ಟ. ಬೇಟೆ ಕಾರ್ಯಕ್ರಮದ ಒಂದು ಕಂತು ನಾಲ್ಕು ದಿನದಲ್ಲಿ ಹೋಗಬೇಕಿತ್ತು. ಸ್ಟುಡಿಯೋದ ಚೀಲದಲ್ಲಿದ್ದ ತರಗೆಲೆ ತುಳಿದು ತುಳಿದು ಪುಡಿಯಾಗಿತ್ತು, ಹೊರಗೆ ಮೊಣಕಾಲುದ್ದ ಹಿಮ. ಒಣಗಿದ ಎಲೆ ಎಲ್ಲಿಂದ ತರುವುದು?

ನಮ್ಮ ಮನೆಯಲ್ಲಿತ್ತು. ಊರಿಗೆ ಹೋದಾಗ ಅಮ್ಮ ಗೌರಿ ಹಬ್ಬಕ್ಕೆಂದು ಹಚ್ಚಿಕೊಟ್ಟ ಊಟದೆಲೆಯ ಕಟ್ಟಿನಲ್ಲಿ ಹನ್ನೆರಡು ಉಳಿದಿದ್ದವು. ಮರುದಿನ ತಂದು ಹಲಗೆಯ ಮೇಲೆ ಹರಡಿದೆ. ಪಾಟೀಲರು ಬೂಟು ಮುಂದಿಟ್ಟರು.

"ಹಾಕ್ಕೋ. ಮ್ಯಾಲ ನಡಿ."

"ಊಟದೆಲೆ ತುಳಿಯೋದು ಹೆಂಗೆ?"

"ಅದೂ ಖರೇನ ಬಿಡು," ಅಂದು ಬೂಟನ್ನು ಕಾಲಿನಿಂದ ಆಚೆ ಸರಿಸಿದರು.

ಈ ಕಸುಬಿನಲ್ಲಿ ಎಲ್ಲರೂ ಕಾಲಿನಿಂದಲೇ ನಡೆಯುತ್ತಾರೆ. ನಾನು ಕೈಯಲ್ಲಿ ನಡೆದೆ. ಎರಡೂ ಕೈಯ ಬೆರಳ ತುದಿ ಕೂಡಿಸಿ, ಮುಂದಿನ ಕಾಲು ಒಂದು, ಹಿಂದಿನ ಕಾಲು ಒಂದು. ಪರದೆಯ ಮೇಲಿನ ಜಿಂಕೆ ನಿಂತರೆ ನಾನೂ ಉಸಿರು ಹಿಡಿದು ನಿಂತೆ. ಮೊದಲು ಮನಸ್ಸಿನಲ್ಲೇ ಅಮ್ಮನ ಎಲೆಗಳಿಗೆ ಕೈಮುಗಿದಿದ್ದೆ.

ಕಂತು ಪ್ರಸಾರವಾದ ಮೂರನೇ ದಿನ ಫೋನು ಬಂತು. ಆ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಬೇಟೆಗಾರ ಡೇಲ್ ಮಾತಾಡುತ್ತಿದ್ದರು. ಟೊರಾಂಟೋದಿಂದ ಮೂರು ಗಂಟೆ ದಾರಿ ಉತ್ತರಕ್ಕಿದ್ದ ಒಂದು ಸಣ್ಣ ಊರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರು ಆಡುತ್ತಿದ್ದುದು ಇಂಗ್ಲಿಷು. ನನ್ನ ತಲೆಯಲ್ಲಿ ಉಳಿದಿರುವುದು ಮಾತ್ರ ನಮ್ಮೂರ ಕನ್ನಡದಲ್ಲಿ, ಹಾಗೆಯೇ ಬರೆಯುತ್ತೇನೆ.

"ನನ್ನ ಜಿಂಕೆ ಯಾವುದರ ಮೇಲೆ ನಡೀತಿತ್ತು?"

"ಎಲೆ ಮೇಲೆ."

"ಎಲೆ ಅಂತ ಗೊತ್ತಾಯ್ತು ಕಣಮ್ಮ. ಯಾವ ಎಲೆ? ನಮ್ಮ ಕಾಡಲ್ಲಿ ಅಷ್ಟು ದಪ್ಪದ ಎಲೆ ಇಲ್ಲ."

ಮುಚ್ಚಿಡಲು ಬರಲಿಲ್ಲ. "ನಮ್ಮೂರ ಎಲೆ. ಅದರಲ್ಲಿ ಊಟ ಮಾಡ್ತಾರೆ," ಅಂದೆ.

ಆ ಕಡೆಯಿಂದ ಫೋನು ಒಡೆಯುವಂಥ ನಗು. "ಅಂದ್ರೆ ನನ್ನ ಜಿಂಕೇನ ಊಟದ ತಟ್ಟೆ ಮೇಲೆ ನಡೆಸಿದೀಯ! ಸರಿಯಾಗೇ ಇದೆ ಬಿಡು, ಹೆಂಗಿದ್ರೂ ಅದು ಅಲ್ಲಿಗೇ ಬರೋದು."

ನಗು ನಿಂತ ಮೇಲೆ ಅವರು ಹೇಳಿದ ಮಾತೇ ನನ್ನ ನಿಜವಾದ ಡಿಗ್ರಿ. "ಎಲೆ ತಪ್ಪು. ನಡಿಗೆ ಸರಿ. ಎಷ್ಟೋ ವರ್ಷದಿಂದ ಟಿವೀಲಿ ನನ್ನ ಜಿಂಕೆಗಳು ಬೂಟು ಹಾಕ್ಕೊಂಡು ನಡೀತಿದ್ವು."

ಆ ವರ್ಷದಿಂದ ಪ್ರತಿ ಶರತ್ಕಾಲದಲ್ಲಿ ಡೇಲ್ ತಮ್ಮ ಟ್ರಕ್ಕಿನಲ್ಲಿ ಎರಡು ಗೋಣಿ ತಂದಿಳಿಸುತ್ತಿದ್ದರು, ಒಂದು ಮೇಪಲ್ ಎಲೆಯದು, ಒಂದು ಓಕ್ ಎಲೆಯದು. ನನ್ನ ಇನ್ನೊಂದು ತಪ್ಪನ್ನು ಹಿಡಿದವರೂ ಅವರೇ. ನವೆಂಬರಿನ ಕಾಡಿನ ದೃಶ್ಯಕ್ಕೆ ನಾನು ಜೀರುಂಡೆಯ ಸದ್ದು ಹಾಕಿದ್ದೆ. ನಮ್ಮ ಕಡೆ ಜೀರುಂಡೆಯಿಲ್ಲದ ಕಾಡು ಉಂಟೇ? "ನವೆಂಬರಲ್ಲಿ ಹುಳ ಎಲ್ಲಾ ಸತ್ತಿರ್ತವೆ ರತ್ನಾ," ಅಂದರು. "ಇಲ್ಲಿ ಆಗ ಏನೂ ಕೇಳಲ್ಲ. ಆ ಏನೂ ಕೇಳದೇ ಇರೋದನ್ನ ಹಾಕು."

ಪ್ರೊಡ್ಯೂಸರ್ ಕೆವಿನ್ನನಿಗೆ ಏನೂ ಕೇಳದಿರುವುದೆಂದರೆ ಭಯ. ಜನ ಚಾನೆಲ್ ಬದಲಿಸುತ್ತಾರೆ ಅನ್ನುತ್ತಿದ್ದ. ಬೇಟೆಗಾರ ಮರದ ಅಟ್ಟಣೆಯ ಮೇಲೆ ಚಳಿಯಲ್ಲಿ ಒಂಬತ್ತು ಗಂಟೆ ಕೂತರೆ ನಾವು ಅದನ್ನು ಎರಡು ನಿಮಿಷಕ್ಕೆ ಇಳಿಸಿ ಡೋಲು ಬಾರಿಸುತ್ತಿದ್ದೆವು. ಜಿಂಕೆಯ ಕಣ್ಣು ಹತ್ತಿರದಿಂದ ಕಾಣುತ್ತದಲ್ಲ, ಅದು ಎಷ್ಟೋ ಸಲ ಬೇಲಿಯೊಳಗೆ ಸಾಕಿದ ಬೇರೆ ಜಿಂಕೆಯ ಕಣ್ಣು. ಬೇಟೆಗಾರ ತಲೆಯಾಡಿಸುವುದನ್ನು ಎಲ್ಲ ಮುಗಿದ ಮೇಲೆ ತೆಗೆದಿರುತ್ತಾರೆ. ನನ್ನ ಕೈನಡಿಗೆಯೂ ಸುಳ್ಳೇ ಅಲ್ಲವೇ ಎಂದು ನೀವು ಕೇಳಬಹುದು. ಇದ್ದ ಜಿಂಕೆಗೆ ಇದ್ದ ಹೆಜ್ಜೆಯನ್ನೇ ಕೊಡುತ್ತಿದ್ದೇನೆ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮನೆಯಲ್ಲಿ ನಮ್ಮ ಯಜಮಾನರು ಮಾತ್ರ ಸಾರು ಬಡಿಸಿಕೊಳ್ಳಲು ತಟ್ಟೆಯೊಡ್ಡುವಾಗ ಕೇಳುತ್ತಿದ್ದರು: "ಕೈ ತೊಳ್ಕೊಂಡ್ಯೇನೇ? ಇವತ್ತೆಷ್ಟು ಜಿಂಕೆ?"

ಕೆಲಸದ ರೀತಿ ಬದಲಾಗುತ್ತ ಬಂತು. ಟೇಪು ಹೋಯಿತು, ಕಂಪ್ಯೂಟರು ಬಂತು. ಮೊದಲು ಬೇಡದ ಸದ್ದನ್ನು ಒಂದೊಂದಾಗಿ ಕೇಳಿ, ಗುರುತಿಸಿ ತೆಗೆಯುತ್ತಿದ್ದೆವು. ಅಮ್ಮ ಮೊರದಲ್ಲಿ ಅಕ್ಕಿ ಕೇರಿದ ಹಾಗೆ. ನಾನು ಆ ಕೆಲಸವನ್ನು ಕೇರುವುದು ಅಂತಲೇ ಕರೆಯುತ್ತಿದ್ದೆ, ಪಾಟೀಲರಿಗೂ ಅದು ಅಂಟಿಕೊಂಡಿತ್ತು. "ಕೇರಿದೇನ?" ಅನ್ನುವರು. ಆಮೇಲೆ ಒಂದು ಗುಂಡಿ ಬಂತು. ಒತ್ತಿದರೆ ಸಾಕು, ಗಾಳಿ, ಬಟ್ಟೆಯ ಸರಬರ, ದೂರದ ಲಾರಿ, ಎಲ್ಲ ಮಾಯ. ಏನು ಹೋಯಿತು ಅಂತ ಕೇಳುವ ಕಷ್ಟವೂ ಇಲ್ಲ.

ಡೇಲ್ ಅವರ ಕೋಟಿಗೆ ಒಂದು ಪುಟ್ಟ ಕಾಲರ್ ಮೈಕ್ ಸಿಕ್ಕಿಸಿರುತ್ತಿದ್ದರು. ಒಂದು ವರ್ಷ ಅದರಲ್ಲಿ ಸಣ್ಣದೊಂದು ಸರಸರ ಬರತೊಡಗಿತು. ತೋಳಿನ ನೈಲಾನು ಕೋಟಿಗೆ ಉಜ್ಜಿದಂತೆ, ಸಣ್ಣಗೆ, ಒಂದೇ ಸಮನೆ. ಮೈಕು ಸರಿಯಾಗಿ ಸಿಕ್ಕಿಸಿಲ್ಲ ಎಂದು ಕ್ಯಾಮೆರಾದವರಿಗೆ ಮೇಲಿಂದ ಮೇಲೆ ಬರೆದೆ. ಅವರು ಜಾಗ ಬದಲಿಸಿದರು, ಕೋಟು ಬದಲಿಸಿದರು. ಸದ್ದು ಹೋಗಲಿಲ್ಲ. ನಾನು ಗುಂಡಿ ಒತ್ತಿದೆ. ಒಂದು ಸೀಸನ್ನು ಒತ್ತಿದೆ, ಎರಡನೇ ಸೀಸನ್ನೂ ಒತ್ತಿದೆ. ಡೇಲ್ ಅವರ ಧ್ವನಿ ಸ್ಫಟಿಕದಂತೆ ಕೇಳುತ್ತಿತ್ತು. ನನಗೆ ಆ ಬಗ್ಗೆ ಜಂಬವೂ ಇತ್ತು.

ಮೂರನೇ ವರ್ಷ ನವೆಂಬರಿನ ಒಂದು ಕಂತಿನ ಸದ್ದಿದ್ದ ಮೆಮೊರಿ ಕಾರ್ಡು ಬಂದಾಗ ಕೆವಿನ್ ತಾನೇ ನನ್ನ ಕೋಣೆಗೆ ಬಂದ.

"ಇದರಲ್ಲಿ ಎರಡು ಗುಂಡಿನ ಸದ್ದಿದೆ. ಒಂದೇ ಇಟ್ಟುಕೋ. ಮೊದಲನೆಯದಕ್ಕೇ ಜಿಂಕೆ ಬಿತ್ತು. ಮಧ್ಯದ್ದೆಲ್ಲ ಬೇಡ."

"ಮಧ್ಯದ್ದು ಎಷ್ಟಿದೆ?"

"ನಲವತ್ತು ನಿಮಿಷ," ಅಂದು ಅವನು ನನ್ನ ಮುಖ ನೋಡದೆ ಹೋದ.

ಡೇಲ್ ಒಂದೇ ಗುಂಡಿನ ಬೇಟೆಗಾರ ಎಂದು ಹೆಸರಾದವರು. ಪ್ರಾಣಿಗೆ ನೋವಾಗುವ ಹಾಗಿದ್ದರೆ ಹೊಡೆಯದೇ ಇಳಿದು ಬರುತ್ತಿದ್ದರು, ಎಷ್ಟೋ ಕಂತುಗಳು ಬರಿಗೈಯಲ್ಲೇ ಮುಗಿದಿದ್ದವು. ಆ ದಿನ ನಾನು ಗುಂಡಿ ಒತ್ತದೆ, ಕೇರದೆ, ಹಸಿ ಸದ್ದನ್ನು ಮೊದಲಿನಿಂದ ಕೇಳಿದೆ. ಸರಸರ ಇತ್ತು. ಹಿಂದಿನ ವರ್ಷಗಳಲ್ಲಿ ಅವರು ಬಂದೂಕು ಎತ್ತಿದ ತಕ್ಷಣ ಆ ಸದ್ದು ನಿಲ್ಲುತ್ತಿತ್ತು, ಕೈ ತೊಡೆಯ ಮೇಲೆ ಇಳಿದಾಗ ಮತ್ತೆ ಶುರುವಾಗುತ್ತಿತ್ತು. ಈ ಸಲ ಬಂದೂಕು ಎತ್ತಿದ ಮೇಲೂ ನಿಲ್ಲಲಿಲ್ಲ. ಸರಸರ, ಸರಸರ, ಆಮೇಲೆ ಗುಂಡು. ಆಮೇಲೆ ಓಟ, ಹುಡುಕಾಟ, ಏದುಸಿರು. ನಲವತ್ತು ನಿಮಿಷದ ಮೇಲೆ ಎರಡನೆಯದು. ಮೈಕು ತೆಗೆಯುವುದನ್ನು ಮರೆತಿದ್ದರು. ಅದರಲ್ಲಿ ಡೇಲ್ ಯಾರಿಗೋ ಹೇಳುತ್ತಿದ್ದರು: "ತಪ್ಪಾಯ್ತಪ್ಪ. ತಪ್ಪಾಯ್ತು. ಆಯ್ತು, ಮುಗೀತು." ಹತ್ತಿರ ಬೇರೆ ಯಾರೂ ಇರಲಿಲ್ಲ. ಜಿಂಕೆಗೆ ಹೇಳುತ್ತಿದ್ದರು.

ನಾನು ಕಣ್ಣು ಮುಚ್ಚಿ ಆ ಸರಸರವನ್ನು ಮತ್ತೆ ಹಾಕಿದೆ. ಆಗ ನೆನಪಾಯಿತು.

ಅಮ್ಮ ತೀರಿಕೊಳ್ಳುವ ಕೆಲವು ವರ್ಷ ಮುಂಚೆ, ಪ್ರತಿ ಭಾನುವಾರ ನಾನು ಫೋನು ಮಾಡಿದಾಗ ಆಕೆ ಎಲೆ ಹಚ್ಚುತ್ತಲೇ ಮಾತಾಡುತ್ತಿದ್ದಳು. ಫೋನಿನಲ್ಲಿ ಒಂದೇ ಸಮನೆ ಎಲೆ ಅದುರುವ ಸದ್ದು.

"ಏನಮ್ಮಾ ಅದು ಸದ್ದು?"

"ಗಾಳಿ ಕಣೆ. ಬಾಗಿಲಲ್ಲಿ ಕೂತಿದ್ದೀನಲ್ಲ."

ಗಾಳಿ ಅಂತಲೇ ನಂಬಿದೆ. ಬಿ.ಎಸ್ಸಿ. ಎಲೆಕ್ಟ್ರಾನಿಕ್ಸ್, ಸದ್ದು ಕೇಳುವುದೇ ಹೊಟ್ಟೆಪಾಡು, ಆದರೂ ನಂಬಿದೆ. ಆಕೆಯ ಕೈ ಎಲೆಗೆ ಕಡ್ಡಿ ಚುಚ್ಚಲಾಗದಷ್ಟು ನಡುಗುತ್ತದೆ ಎಂದು ತಿಳಿದದ್ದು ನಾನು ಊರಿಗೆ ಹೋದಾಗ. ಆಗ ಡಾಕ್ಟರು, ಸ್ವಲ್ಪ ಮುಂಚೆ ಕರೆತಂದಿದ್ದರೆ ಚೆನ್ನಾಗಿತ್ತು ಅಂದರು.

ಪಾಟೀಲರ ಬಳಿ ಹೋಗಿ ಮೂರು ವರ್ಷದ ಸದ್ದನ್ನೂ ಒಂದರ ಹಿಂದೊಂದು ಕೇಳಿಸಿದೆ. ಮೊದಲು ಎಣ್ಣೆ ಹಚ್ಚಿದಷ್ಟು ನಯ, ಆಮೇಲೆ ಜಾಸ್ತಿ, ಆಮೇಲೆ ಇನ್ನೂ ಜಾಸ್ತಿ. ಅವರು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು.

"ಹೇಳಲೋ ಬೇಡವೋ ಪಾಟೀಲರೇ? ಹೇಳಿದ್ರೆ ಅವರ ಬಂದೂಕು ಹೋಗುತ್ತೆ. ಪ್ರೋಗ್ರಾಮು ನಿಲ್ಲುತ್ತೆ. ನಮ್ಮ ಕೆಲಸಾನೂ ಅದರ ಮೇಲೇ ನಿಂತಿದೆ."

"ನೀ ಏನ್ ಡಾಕ್ಟರ್ ಏನ?"

"ಅಲ್ಲ."

"ಹಂಗಾರ ಬ್ಯಾನಿ ಹೆಸರು ನೀ ಹೇಳಬ್ಯಾಡ." ಹೆಡ್‌ಫೋನನ್ನು ನನ್ನ ಕಡೆ ಸರಿಸಿ ಹೇಳಿದರು: "ಕಿವಿ ಅದಾವಲ್ಲ ನಿನಗ? ಕೇಳಿದ್ದು ಹೇಳು. ಮುಂದಿನ ವರ್ಷ ಆ ಗುಂಡು ಜಿಂಕಿಗೇ ಬೀಳ್ತೈತಂತ ಯಾರು ಬರಕೊಟ್ಟಾರ? ಅಟ್ಟಣಿ ಕೆಳಗ ಮನಷ್ಯಾರೂ ಅಡ್ಡಾಡತಾರ."

ಡೇಲ್‌ಗೆ ಫೋನು ಮಾಡಿ, ಒಂದು ಸದ್ದು ಕೇಳಿಸಬೇಕು ಬನ್ನಿ ಅಂದೆ. ಹೊಸ ತಪ್ಪು ಹಿಡಿಯಲು ಕರೆಯುತ್ತಿದ್ದೇನೆ ಅಂದುಕೊಂಡರೇನೋ, ಮೇಪಲ್ ಎಲೆಯ ಗೋಣಿಯನ್ನೂ ಹೊತ್ತು ತಂದರು. ಕೋಣೆಯ ಬಾಗಿಲು ಹಾಕಿ, ಹೆಡ್‌ಫೋನು ಕೊಟ್ಟು, ಮೂರು ವರ್ಷದ ಹಸಿ ಸದ್ದನ್ನು ಹಾಕಿದೆ. ಮಾತಿಲ್ಲದ ಭಾಗಗಳು ಮಾತ್ರ. ಅವರ ಬಲಗೈ ತೊಡೆಯ ಮೇಲಿತ್ತು. ಕಿವಿಯಲ್ಲಿ ಕೇಳುತ್ತಿದ್ದುದೂ ತೊಡೆಯ ಮೇಲೆ ಆಗುತ್ತಿದ್ದುದೂ ಒಂದೇ ಲಯದಲ್ಲಿತ್ತು. ಅವರು ಕೆಳಗೆ ನೋಡಿದರು. ಎಡಗೈಯಿಂದ ಬಲಗೈಯನ್ನು ಮುಚ್ಚಿಕೊಂಡರು.

"ಚಳಿಗೆ ಅಂದ್ಕೊಂಡಿದ್ದೆ," ಅಂದರು.

"ಇಲ್ಲಿ ಚಳಿಯಿಲ್ಲ."

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಎರಡು ವರ್ಷದಿಂದ ಕೇಳಿದ್ದೀನಿ. ಗೊತ್ತಾಗಿದ್ದು ಈ ವಾರ. ಬಟ್ಟೆ ಸದ್ದು ಅಂತ ನಾನೇ ತೆಗೆದುಹಾಕ್ತಾ ಬಂದೆ ಡೇಲ್. ನಾನು ತೆಗೀದೇ ಇದ್ದಿದ್ರೆ ನೀವು ಟಿವೀಲಿ ಕೇಳಿರೋರು. ನನ್ನದು ತಪ್ಪು."

ಬೈಯುತ್ತಾರೆ ಎಂದು ಕಾದೆ. ಅವರು ಹೆಡ್‌ಫೋನು ಮೇಜಿನ ಮೇಲಿಟ್ಟು, "ನಮ್ಮ ಮನೇಲಿ ಕನ್ನಡಿ ಹೇಳ್ತಿತ್ತು ನಂಗೆ ವಯಸ್ಸಾಯ್ತು ಅಂತ. ಟಿವಿ ಮಾತ್ರ ಇಲ್ಲ ಅಂತಿತ್ತು. ನಾನು ಟಿವೀನೇ ನಂಬಿದೆ," ಅಂದರು. ಬಾಗಿಲ ಹತ್ತಿರ ತಿರುಗಿ ನಿಂತರು. "ಆ ಎರಡನೇ ಗುಂಡು ತೆಗೀಬೇಡ. ಆ ಗಂಡು ಜಿಂಕೆ ನಲವತ್ತು ನಿಮಿಷ ಒದ್ದಾಡ್ತು. ಒಂದು ಸೆಕೆಂಡಾದ್ರೂ ಅದಕ್ಕೆ ಸೇರಬೇಕು."

ಕೆವಿನ್ ಒಪ್ಪಲಿಲ್ಲ. ಎರಡು ದಿನ ಜಗಳವಾಯಿತು. ನನ್ನ ಕೆಲಸ ತೆಗೆಯುವ ಮಾತೂ ಬಂತು. ಒಂದೇ ಗುಂಡಿನ ಕಂತನ್ನು ತಾನು ಮಿಕ್ಸ್ ಮಾಡುವುದಿಲ್ಲವೆಂದು ಪಾಟೀಲರು ಕನ್ನಡದಲ್ಲೇ ಹೇಳಿ ಎದ್ದು ಹೋದರು. ಕೆವಿನ್ನನಿಗೆ ಭಾಷೆ ತಿಳಿಯಲಿಲ್ಲ, ಅರ್ಥ ತಿಳಿಯಿತು. ಕೊನೆಗೆ ಎರಡೂ ಗುಂಡುಗಳಿದ್ದ ಕಂತೇ ಹೋಯಿತು. ನಡುವೆ ಡೋಲಿಲ್ಲದ ಒಂದು ನಿಮಿಷ, ಡೇಲ್ ಅವರ ಏದುಸಿರು ಮತ್ತು ಆ ಸರಸರ. ಬೈದು ಬರೆದವರು ಇದ್ದರು. ತಮ್ಮ ಅಪ್ಪನಿಗೂ ಹೀಗೆಯೇ ಆಗಿತ್ತು, ಡೇಲ್ ಅವರನ್ನು ಡಾಕ್ಟರ ಬಳಿ ಕಳಿಸಿ ಎಂದು ಬರೆದವರೂ ಇದ್ದರು. ಅಷ್ಟರಲ್ಲಿ ಡೇಲ್ ಹೋಗಿಬಂದಿದ್ದರು. ಕಾಯಿಲೆಯ ಹೆಸರನ್ನು ಡಾಕ್ಟರೇ ಹೇಳಿದರು. ಡೇಲ್ ಬಂದೂಕನ್ನು ತಮ್ಮ ಮಗಳ ವಶಕ್ಕೆ ಕೊಟ್ಟರು. ಕಾರ್ಯಕ್ರಮ ಅಲ್ಲಿಗೆ ನಿಂತಿತು. ಸ್ಟುಡಿಯೋಗೆ ಬೇರೆ ಕೆಲಸ ಬಂತು, ಮೀನು ಹಿಡಿಯುವ ಕಾರ್ಯಕ್ರಮ. ನಾನು ಬಕೆಟ್ಟಿನ ನೀರಿನಲ್ಲಿ ಕೈಯಾಡಿಸತೊಡಗಿದೆ.

ಮುಂದಿನ ಶರತ್ಕಾಲದಲ್ಲಿ ಗೋಣಿ ಬರಲಿಲ್ಲ, ಫೋನು ಬಂತು. "ಟ್ರಕ್ಕು ಓಡಿಸಬೇಡ ಅಂತಾರೆ. ಎಲೆ ಬೇಕಿದ್ರೆ ನೀನೇ ಬಾ. ಮೈಕ್ ತಗೊಂಡು ಬಾ."

ಯಜಮಾನರು ಕಾರಿನಲ್ಲಿ ಕರೆದೊಯ್ದರು, ಡೇಲ್ ಅವರ ಮನೆಯಲ್ಲೇ ಕಾಫಿ ಕುಡಿಯುತ್ತ ಉಳಿದರು. ನಾವಿಬ್ಬರೂ ಹಿತ್ತಿಲ ಕಾಡಿಗೆ ಹೋಗಿ ಒಂದು ಬಿದ್ದ ಮರದ ಮೇಲೆ ಕೂತೆವು. ಅಷ್ಟು ವರ್ಷ ಕಾಡನ್ನು ಬೆರಳಿನಿಂದ ಮಾಡಿದವಳು ನಾನು. ಅದರೊಳಗೆ ಕೂತದ್ದು ಅದೇ ಮೊದಲು.

"ಮೈಕು ನಾನು ಹಿಡ್ಕೊಳ್ಳಲಾ?" ಡೇಲ್ ಕೇಳಿದರು.

ಕೈ ನಡುಗುವವರಿಗೆ ಯಾವ ಸೌಂಡಿನವರೂ ಮೈಕು ಕೊಡುವುದಿಲ್ಲ. ಕೊಟ್ಟೆ. ಅವರು ಅದನ್ನು ಬಂದೂಕಿನಂತೆ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

ಎರಡು ಗಂಟೆ ಕಾದೆವು. ಒಂದು ಹೆಣ್ಣು ಜಿಂಕೆ ಬಂತು. ಮೂರು ಹೆಜ್ಜೆ ಇಟ್ಟಿತು, ನಿಂತಿತು. ನನ್ನ ಬೆರಳುಗಳು ತಾವಾಗಿಯೇ ಮರದ ಮೇಲೆ ಒಟ್ಟುಗೂಡಿದವು. ಹೆಡ್‌ಫೋನಿನಲ್ಲಿ ಮೇಪಲ್ ಎಲೆಯ ಮೇಲಿನ ಆ ಮೂರು ಹೆಜ್ಜೆ, ಅದರಡಿಯಲ್ಲಿ ಒಂದೇ ಸಮನೆ ಸಣ್ಣ ಸರಸರ. ಜಿಂಕೆ ಕಿವಿ ತಿರುಗಿಸಿ ನಮ್ಮ ಕಡೆ ನೋಡಿತು. ಡೇಲ್ ಅವರ ಕೈಯನ್ನೇ ಕೇಳುತ್ತಿತ್ತೇನೋ. ಓಡಲಿಲ್ಲ. ಮತ್ತೆ ಮೂರು ಹೆಜ್ಜೆ ಇಟ್ಟು ತನ್ನ ದಾರಿ ಹಿಡಿಯಿತು.

"ನಡಿಗೆ ಸರಿ ಇತ್ತಾ?" ಡೇಲ್ ಪಿಸುಗುಟ್ಟಿದರು.

"ಸರಿ ಇತ್ತು," ಅಂದೆ.

ಈ ಕೆಲಸಕ್ಕೆ ಬರುವ ಮಕ್ಕಳೇ, ಗುಂಡಿ ಒತ್ತುವ ಮುಂಚೆ ಒಂದು ಸಲ ಹಸಿಯಾಗಿ ಕೇಳಿ. ಕಲಿಸಲು ನನ್ನ ಬಳಿ ಇರುವುದು ಇಷ್ಟೇ. ಆ ದಿನದ ಸದ್ದು ಮೆಡೋವೇಲಿನ ಸ್ಟುಡಿಯೋದಲ್ಲಿ ಈಗಲೂ ಇದೆ, ನಾನು ಕೇರಿಲ್ಲ. ಸೋಮವಾರ ಕೆಲಸಕ್ಕೆ ಹೋದವಳು ಮೊದಲು ಅದಕ್ಕೆ ಚೀಟಿ ಬರೆದೆ. ಸದ್ದು: ಜಿಂಕೆ, ಆರು ಹೆಜ್ಜೆ, ಮೇಪಲ್ ಎಲೆ. ಸ್ಥಳ: ಡೇಲ್ ಮನೆಯ ಹಿತ್ತಿಲು. ಕೊನೆಯ ಜಾಗದಲ್ಲಿ, ಅಮ್ಮನಿಗೂ ಕಾಣಲಿ ಎಂಬಂತೆ ದಪ್ಪ ಅಕ್ಷರದಲ್ಲಿ ಬರೆದೆ: ಗಾಳಿ ಇರಲಿಲ್ಲ.